ಹಿಂದೆ ಯಾರೂ ಇರಲಿಲ್ಲ

“ನಿಂದ್ರಸು! ನಿಂದ್ರಸು! ಹಿಂದ ಏನೋ ಐತಿ!”

ಅಪ್ಪ ಕಾರಿನ ಪಕ್ಕದಲ್ಲಿ ಓಡುತ್ತ ಕಿಟಕಿ ಬಡಿದ. ಅವ್ವ ಗಕ್ಕನೆ ಬ್ರೇಕ್ ಒತ್ತಿದಳು. ಕಾರು ಮುಗ್ಗರಿಸಿದಂತೆ ನಿಂತಿತು. ಆದರೆ ಸದ್ದು ನಿಲ್ಲಲಿಲ್ಲ.

ಪೀಂಂಂಂಂಂ...

ಹಿಂದಿನ ಸೀಟಿನಲ್ಲಿದ್ದ ಶೋಭಾರಾಣಿ, ಎಲ್ಲರ ಬಾಯಲ್ಲಿ ಶೋಭಿ, ಮೊಣಕಾಲೂರಿ ತಿರುಗಿ, ಹಿಂದಿನ ಗಾಜಿನಿಂದ ನೋಡಿದಳು. ಓಣಿ ಖಾಲಿಯಿತ್ತು. ದೂರದಲ್ಲಿ ಯಂಕೋಬ ಕಾಕಾನ ಟ್ರ್ಯಾಕ್ಟರ್. ಅದರ ನೆರಳಿನಲ್ಲಿ ಒಂದು ಕೋಳಿ. ಅಷ್ಟೇ.

“ಸಣ್ಣ ಹುಡುಗ್ರು ಯಾರರ ಅದಾರೇನ ನೋಡ್ರಿ. ಬಗ್ಗಿ ನೋಡ್ರಿ!” ಅವ್ವ ಕಿಟಕಿ ಇಳಿಸಿ ತಲೆ ಹೊರಗೆ ಹಾಕಿದಳು.

ಅಪ್ಪ ನೆಲಕ್ಕೆ ಕೈಯೂರಿ ಕಾರಿನ ಅಡಿಗೆ ಇಣುಕಿದ. ಎದ್ದು ಕೈ ಝಾಡಿಸಿಕೊಂಡ. “ಯಾರೂ ಇಲ್ಲ. ನಾಯಿಮರೀನೂ ಇಲ್ಲ.”

“ಮತ್ತ ಯಾಕ ಒದರಾಕತ್ತೈತಿ ಇದು?”

“ನನಗೇನ ಗೊತ್ತು?”

ಅಪ್ಪ ಹಾಗೆ ಹೇಳುವುದು ಅಪರೂಪ. ಅವನು ಕರೆಂಟ್ ಆಫೀಸಿನಲ್ಲಿ ಲೈನ್‌ಮನ್. ಕುಷ್ಟಗಿಯ ಯಾವ ಕಂಬದಿಂದ ಯಾವ ಮನೆಗೆ ತಂತಿ ಹೋಗಿದೆ ಎಂದು ಕಣ್ಣು ಮುಚ್ಚಿಕೊಂಡು ಹೇಳುತ್ತಾನೆ. ಈಗ ಅವನು ಕಿಟಕಿಯಿಂದ ತಲೆ ಒಳಗೆ ಹಾಕಿ, ಸ್ಟೇರಿಂಗಿನ ಹಿಂದೆ ಹೊಳೆಯುತ್ತಿದ್ದ ಪುಟ್ಟ ಚಿತ್ರಗಳನ್ನು ಒಂದೊಂದಾಗಿ ನೋಡಿದ. ಕೆಂಪು, ಹಳದಿ, ಹಸಿರು. ನಡುವೆ ಒಂದು ಸಣ್ಣ ಕಾರಿನ ಚಿತ್ರ. ಅದರ ಬೆನ್ನಿಗೆ ಅಂಟಿಕೊಂಡಂತೆ ಒಂದು ಕೆಂಪು ಪಟ್ಟಿ. ಪಕ್ಕದಲ್ಲಿ ಇಂಗ್ಲಿಷಿನಲ್ಲಿ ‘ಸ್ಟಾಪ್’ ಎಂದು ಬರೆದಿತ್ತು.

“ನಿನ್ನೆ ಗಂಗಾವತ್ಯಾಗ ಟಿಪ್ಪುಸಾಬ್ರು ರಿವರ್ಸ್ ತಗೊಂಡಾಗ ಸುಮ್ನಿತ್ತಲ್ಲ,” ಎಂದು ಅಪ್ಪ ತಲೆ ಕೆರೆದುಕೊಂಡ. “ಒಂದ ರಾತ್ರಿ ಕಳ್ಯೂದ್ರಾಗ ಏನಾತಿದಕ್ಕ?”

ಶೋಭಿ ಸೀಟಿನಲ್ಲಿ ಮುದುಡಿ ಕುಳಿತಳು.

ಏನಾಯಿತು ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದೆ ಎಂದು ಅವಳು ಅಂದುಕೊಂಡಿದ್ದಳು.

ನಿನ್ನೆ ಮಧ್ಯಾಹ್ನ ಬಿಳಿ ಕಾರು ಓಣಿಗೆ ಬಂದಾಗ ಎಲ್ಲರೂ ಅದನ್ನು ಮುಟ್ಟಿ ಮುಟ್ಟಿ ನೋಡಿದ್ದರು. ಹಳೆಯ ಕಾರೇ ಆದರೂ ಅವರ ಮನೆಗೆ ಅದು ಹೊಸದು. ಅಜ್ಜಿ ಅದಕ್ಕೆ ಪೂಜೆಯನ್ನೂ ಮಾಡಿದ್ದಳು. ಆಮೇಲೆ ಅಪ್ಪ, ಅವ್ವ ಕಾರು ಮಾರುವ ಟಿಪ್ಪುಸಾಬರ ಜೊತೆ ಒಳಗೆ ಚಹಾ ಕುಡಿಯುತ್ತ ಕುಳಿತರು. “ವಾರಗಟ್ಟಲೆ ಓಡಿಸಿ ನೋಡ್ರಿ. ಮನಸಿಗಿ ಬರಲಿಲ್ಲಂದ್ರ ವಾಪಸ್ ತಂದ ಬಿಡ್ರಿ, ನಾ ಏನೂ ಅನ್ಕೊಳಂಗಿಲ್ಲ,” ಎಂದು ಟಿಪ್ಪುಸಾಬರು ಹೇಳುವುದು ಹೊರಗೆ ಕೇಳುತ್ತಿತ್ತು.

ಕಾರಿನ ಬಾಗಿಲು ತೆರೆದೇ ಇತ್ತು. ಚಾವಿ ಅಲ್ಲೇ ಇತ್ತು. ಶೋಭಿ ಡ್ರೈವರ್ ಸೀಟಿನಲ್ಲಿ ಕುಳಿತಳು. ಕಾಲು ಕೆಳಗೆ ಮುಟ್ಟಲಿಲ್ಲ. ಸೀಟಿನ ಅಡಿಯ ಸರಳು ಎತ್ತಿ ಮುಂದೆ ಸರಿದಳು. ಕನ್ನಡಿ ತಿರುಗಿಸಿದಳು. ಚಾವಿಯನ್ನು ಒಂಚೂರೇ ತಿರುವಿದಳು. ಎಲ್ಲ ಚಿತ್ರಗಳೂ ಒಮ್ಮೆಲೆ ಬೆಳಗಿದವು. ಆಮೇಲೆ ಅವಳ ಬೆರಳುಗಳು ಅವಳ ಮಾತು ಕೇಳಲಿಲ್ಲ. ಗುಂಡಿ ಒತ್ತಿದಳು, ಗುಂಡಿ ತಿರುವಿದಳು, ಕಡ್ಡಿ ಮೇಲೆ ಮಾಡಿದಳು, ಕೆಳಗೆ ಮಾಡಿದಳು. ಯಾವುದನ್ನು ಎಷ್ಟು ಸಲ ಒತ್ತಿದೆ ಎಂದು ಆಗಲೇ ಮರೆತಿದ್ದಳು.

ಯಾರೂ ನೋಡಿರಲಿಲ್ಲ.

“ಅಲ್ಲೊ ದುರಗೇಶ,” ಯಂಕೋಬ ಕಾಕಾ ಅಪ್ಪನನ್ನು ಕರೆಯುತ್ತ ಹಲ್ಲುಕಡ್ಡಿ ಕಚ್ಚಿಕೊಂಡು ಮನೆಯಿಂದ ಹೊರಗೆ ಬಂದ. “ನನ್ನ ಟ್ರ್ಯಾಕ್ಟರ್ ನೋಡು. ಒಂದ ಲೈಟ್ ಹತ್ತಂಗಿಲ್ಲ, ಒಂದ ದಿನ ಪೀಂ ಅಂದಿಲ್ಲ. ಹಿಂಗ ಒದರೂ ಗಾಡಿ ತಗೊಂಡ ನಮ್ಮ ರೇಣುಕಾ ತಾವರಗೇರಾ ಮುಟ್ಟತಾಳ?”

“ಟ್ರ್ಯಾಕ್ಟರಿಗಿ ಬ್ರೇಕರ ಅದಾವೇನ ಕಾಕಾ?” ಎಂದಳು ಅವ್ವ.

ಕಾಕಾ ನಕ್ಕ. ಅವ್ವ ನಗಲಿಲ್ಲ.

ಅವ್ವ ರೇಣುಕಾದೇವಿ ತಾವರಗೇರಾದ ದವಾಖಾನೆಯಲ್ಲಿ ನರ್ಸ್. ಅವಳ ಡ್ಯೂಟಿ ಮುಗಿಯುವ ಹೊತ್ತಿಗೆ ಬರುವ ಬಸ್ಸು ತುಂಬಿ ತುಳುಕುತ್ತಿರುತ್ತದೆ. ಎಷ್ಟೋ ದಿನ ನಿಲ್ಲುವುದೇ ಇಲ್ಲ. ಮುಂದಿನ ಬಸ್ಸಿಗೆ ಕಾಯಬೇಕು. ಅಜ್ಜಿ ರೊಟ್ಟಿ ಬಡಿದು, ಶೋಭಿ ಉಂಡು, ಹೋಮ್‌ವರ್ಕ್ ಮುಗಿಸಿ, ಬಾಗಿಲಿಗೆ ಕಿವಿಗೊಟ್ಟು ಕುಳಿತಿರುತ್ತಾಳೆ. ಅವ್ವನ ಚಪ್ಪಲಿ ಸದ್ದು ಕೇಳುವ ಮೊದಲೇ ಎಷ್ಟೋ ಸಲ ನಿದ್ದೆ ಬಂದುಬಿಡುತ್ತದೆ. ಬೆಳಗ್ಗೆ ಎದ್ದರೆ ಅವ್ವ ಆಗಲೇ ಸೀರೆ ಉಟ್ಟು ಹೊರಡಲು ನಿಂತಿರುತ್ತಾಳೆ.

ಕಾರು ಬಂದರೆ ಹಾಗಾಗುವುದಿಲ್ಲ. ನಾಳೆಯಿಂದ, ಸೋಮವಾರದಿಂದ, ಅವ್ವ ಬೆಳಕಿರುವಾಗಲೇ ಮನೆಗೆ ಬರುತ್ತಾಳೆ. ಶೋಭಿ ಅದನ್ನು ಇಡೀ ಕ್ಲಾಸಿಗೆ ಹೇಳಿಯಾಗಿತ್ತು.

ಈಗ ಕಾರು ಕೆಟ್ಟಿತ್ತು.

ಅಷ್ಟರಲ್ಲಿ ಅಪ್ಪನಿಗೆ ಫೋನ್ ಬಂತು. ಎಲ್ಲೋ ತಂತಿ ಹರಿದಿತ್ತು. “ಕಂಬ ಹತ್ತಿದ್ರ ಎಲ್ಲಾ ತಿಳೀತೈತಿ. ಇದ್ರಾಗ ಒಂದೂ ತಿಳೀವಲ್ದು,” ಎಂದು ಬೈಕ್ ಹತ್ತಿದ. “ರೇಣುಕಾ, ಹೆಂಗೂ ಹೊರಗ ತಗದೀದಿ. ಗಿರಣಿ ತನಕ ಹೋಗಿ ಬಾ. ಮುಂದ ಹೋಗಾಕ ಏನರ ತ್ರಾಸ ಕೊಡತೈತೇನ ನೋಡು.”

ಹಿಂದೆ ಸರಿಯುವುದು ಮುಗಿದು ಅವ್ವ ಗೇರ್ ಬದಲಿಸಿದಾಗ ಪೀಂ ನಿಂತಿತು. ಎಲ್ಲರೂ ಉಸಿರು ಬಿಟ್ಟರು. ಅಜ್ಜಿ ಹುಲಿಗವ್ವ ಜೋಳದ ಚೀಲ ತಂದು ಮುಂದಿನ ಖಾಲಿ ಸೀಟಿನ ಮೇಲೆ ಕೂರಿಸಿದಳು. “ಗಿರಣ್ಯಾಗ ನಾ ಇಲ್ಲದಿದ್ರ ಮುದಿಯಪ್ಪ ಹಿಟ್ಟ ತರಿ ತರಿ ಮಾಡತಾನ,” ಎಂದು ತಾನೂ ಹತ್ತಿ ಶೋಭಿಯ ಪಕ್ಕದಲ್ಲಿ ಕುಳಿತಳು.

ಮುಖ್ಯ ರಸ್ತೆಗೆ ತಿರುಗಿದರು. ಒಂದು ನಿಮಿಷ ಎಲ್ಲ ಸರಿಯಿತ್ತು.

ಟಿಂಗ್. ಟಿಂಗ್. ಟಿಂಗ್.

“ಈಗೇನಾತು?” ಎಂದಳು ಅವ್ವ. ಇದು ಪೀಂ ಅಲ್ಲ. ಬೇರೆ ಸದ್ದು. ಸ್ಟೇರಿಂಗಿನ ಹಿಂದೆ ಕೆಂಪು ಬಣ್ಣದ ಒಬ್ಬ ಪುಟ್ಟ ಮನುಷ್ಯ ಕಾಣಿಸಿಕೊಂಡ. ಕುಳಿತಿದ್ದ. ಎದೆಯ ಮೇಲೆ ಅಡ್ಡಗೆರೆ.

“ಬೆಲ್ಟ್ ಅವ್ವಾ! ಬೆಲ್ಟಿನ ಚಿತ್ರ ಅದು!” ಎಂದಳು ಶೋಭಿ.

“ನಾ ಹಾಕ್ಕೊಂಡೀನಿ. ನೀ?”

“ನಾನೂ ಹಾಕ್ಕೊಂಡೀನಿ. ಅಜ್ಜಿಗೂ ಹಾಕೀನಿ.”

“ನನ್ನ ಯಾಕ ಕಟ್ಟ್ಯೀರಿ ಆಕಳಾ ಕಟ್ಟಿದಂಗ?” ಅಜ್ಜಿ ಗೊಣಗಿದಳು. “ಮ್ಯಾಲ ಈ ಸೆಕಿ ಬ್ಯಾರೆ. ಗಾಡಿ ಒಳಗ ಒಲಿ ಹಚ್ಚ್ಯಾರೇನ?”

ನಿಜ. ಜಾಲರಿಯಿಂದ ಬಿಸಿಗಾಳಿ ಬರುತ್ತಿತ್ತು. ಏಸಿ ಗುಂಡಿಯ ಬಾಣ ಕೆಂಪು ಗೆರೆಯ ಕಡೆ ಇತ್ತು. ನಿನ್ನೆ ಅದನ್ನು ಅತ್ತ ತಿರುವಿದ್ದು ಯಾರೆಂದು ಶೋಭಿಗೆ ಗೊತ್ತಿತ್ತು. ಅವಳು ಕಿಟಕಿಯ ಹೊರಗೆ ನೋಡಿದಳು.

ಟಿಂಗ್. ಟಿಂಗ್. ಟಿಂಗ್. ಸದ್ದು ಜೋರಾಯಿತು. ಅವ್ವನ ಕುತ್ತಿಗೆ ಬೆವರುತ್ತಿತ್ತು. ಹಿಂದಿನಿಂದ ಲಾರಿಯೊಂದು ಹಾರ್ನ್ ಹೊಡೆಯಿತು. ಅವ್ವ ಇಂಡಿಕೇಟರ್ ಹಾಕಲು ಹೋಗಿ ವೈಪರ್ ಹಾಕಿದಳು. ಮಳೆಯಿಲ್ಲದ ಬಿಸಿಲಿನಲ್ಲಿ ವೈಪರ್ ಕಿರ್ ಕಿರ್ ಎಂದು ಗಾಜು ಕೆರೆಯಿತು. ಅಂತೂ ಇಂತೂ ಗಿರಣಿಯ ಮುಂದಿನ ಬೇವಿನ ಮರದಡಿ ಕಾರು ನಿಂತಾಗಲೂ ಆ ಕೆಂಪು ಮನುಷ್ಯ ಮಿನುಗುತ್ತಲೇ ಇದ್ದ.

ಗಿರಣಿಯ ಮುದಿಯಪ್ಪ ತಲೆಯಿಂದ ಪಾದದವರೆಗೆ ಹಿಟ್ಟು ಮೆತ್ತಿಕೊಂಡು ಬಂದ. ಮುಂದಿನ ಬಾಗಿಲು ತೆರೆದು ಚೀಲ ಎತ್ತಿ ಹೆಗಲಿಗೆ ಹಾಕಿಕೊಂಡ.

ಕೆಂಪು ಮನುಷ್ಯ ಮಾಯವಾದ. ಸದ್ದೂ ನಿಂತಿತು.

ಶೋಭಿ ಒಮ್ಮೆ ಖಾಲಿ ಸೀಟು ನೋಡಿದಳು, ಒಮ್ಮೆ ಮುದಿಯಪ್ಪನ ಹೆಗಲ ಮೇಲಿನ ಚೀಲ ನೋಡಿದಳು.

“ಅವ್ವಾ... ಕಾರಿಗಿ ಜೋಳದ ಚೀಲ ಮನಶ್ಯಾ ಅನ್ಸಿತ್ತೇನು?”

“ಏನಂತಿ?”

“ಸೀಟ್ ಮ್ಯಾಲ ಭಾರ ಐತಿ ಅಂತ ಅದಕ್ಕ ತಿಳೀತೈತಿ. ಆದ್ರ ಯಾರ ಕುಂತಾರ ಅಂತ ತಿಳ್ಯಂಗಿಲ್ಲ. ಅದಕ್ಕ ಬೆಲ್ಟ್ ಹಾಕ್ಕೊ ಅಂತ ಚೀಲಕ್ಕ ಹೇಳಾಕತ್ತಿತ್ತು!”

ಅವ್ವ ಪಕ್ಕದ ಖಾಲಿ ಸೀಟಿನ ಕಡೆ ಬಾಗಿದಳು. ಆಮೇಲೆ ಕೈಯನ್ನು ಆ ಸೀಟಿನ ಮೇಲೆ ಗಟ್ಟಿಯಾಗಿ ಒತ್ತಿದಳು. ಏನೂ ಆಗಲಿಲ್ಲ. ಎರಡೂ ಕೈಯಿಂದ, ಮೈಭಾರವನ್ನೆಲ್ಲ ಹಾಕಿ ಒತ್ತಿದಳು. ಕೆಂಪು ಮನುಷ್ಯ ಮತ್ತೆ ಬಂದ. ಕೈ ತೆಗೆದಳು. ಹೋದ.

“ಹೌದಲ್ಲ,” ಎಂದಳು. ಬೆಳಗಿನಿಂದ ಮೊದಲ ಸಲ ಅವ್ವ ನಕ್ಕಳು.

ಅಜ್ಜಿ ಹಿಟ್ಟು ಕಾಯಲು ಗಿರಣಿಯ ಒಳಗೆ ಹೋದಳು. ಕಾರಿನಲ್ಲಿ ಅವ್ವ ಮತ್ತು ಶೋಭಿ ಇಬ್ಬರೇ. ಗಿರಣಿಯ ಗುಡುಗುಡು ಸದ್ದು. ಈಗ ಹೇಳದಿದ್ದರೆ ಇನ್ನು ಯಾವಾಗ ಎಂದು ಶೋಭಿಗೆ ಅನ್ನಿಸಿತು.

“ಅವ್ವಾ. ನಿನ್ನೆ ನಾ ಎಲ್ಲಾ ಗುಂಡಿ ಒತ್ತಿದ್ದೆ. ನನ್ನಿಂದನ ಕೆಟ್ಟೈತಿ.”

“ಒತ್ತಿದ್ದು ಗೊತ್ತೈತಿ,” ಎಂದಳು ಅವ್ವ.

“ಹೆಂಗ?”

“ಮುಂಜಾನೆ ಕುಂಡ್ರಾಕ ಹೋದ್ರ ಮೊಣಕಾಲ ಸ್ಟೇರಿಂಗಿಗಿ ಬಡದ್ವು. ಕನ್ನಡ್ಯಾಗ ನೋಡಿದ್ರ ರಸ್ತಾ ಕಾಣಲಿಲ್ಲ, ಹಿಂದಿನ ಸೀಟ್ ಕಾಣ್ತು. ನಮ್ಮ ಮನ್ಯಾಗ ಅಷ್ಟ ಗಿಡ್ಡ ಡ್ರೈವರ್ ಇನ್ಯಾರ ಅದಾರ?”

ಶೋಭಿಯ ಕಿವಿ ಬಿಸಿಯಾದವು. “ಮತ್ತ ಅಪ್ಪಗ ಯಾಕ ಹೇಳಲಿಲ್ಲ?”

“ಹೇಳಿ ಏನ ಮಾಡೂದಿತ್ತು? ಸೀಟ್ ಹಿಂದ ಸರಸಿದೆ. ಆತು.” ಅವ್ವ ತನ್ನ ಪಕ್ಕದ ಸೀಟು ತಟ್ಟಿದಳು. “ಮುಂದ ಬಾ. ಏನೇನ ಒತ್ತಿದಿ, ಹೇಳಕೋತ ಹೋಗು. ಒಂದೊಂದ ನೋಡೂಣು. ಎಲ್ಲಾ ಒಮ್ಮೆಲೆ ಬ್ಯಾಡ.”

ಶೋಭಿ ಮುಂದೆ ಬಂದು ಬೆಲ್ಟ್ ಹಾಕಿಕೊಂಡಳು. ಒಂದು ಹಸಿರು ಚಿತ್ರ ಬೆಳಗುತ್ತಿತ್ತು. ದೀಪದಿಂದ ಹೊರಟ ಕಿರಣಗಳು, ಅವುಗಳ ಮೇಲೆ ಹಾವಿನಂಥ ಡೊಂಕು ಗೆರೆ. ಅವಳು ಬಲಗಡೆಯ ಕಡ್ಡಿಯ ಉಂಗುರ ತಿರುವಿದಳು. ಚಿತ್ರ ಆರಿತು.

“ಇದು ಮಂಜಿನ ದೀಪ ಇರಬೇಕು,” ಎಂದಳು ಅವ್ವ. “ಕುಷ್ಟಗ್ಯಾಗ ಮಂಜ ಎಲ್ಲಿ ಬರಬೇಕು?”

ಏಸಿ ಗುಂಡಿಯನ್ನು ಕೆಂಪಿನಿಂದ ನೀಲಿಯತ್ತ ತಿರುವಿದರು. ಗಾಳಿ ತಣ್ಣಗಾಯಿತು. ಆದರೆ ಕಾಲಿಗೆ ಮಾತ್ರ ಬರುತ್ತಿತ್ತು. ಇನ್ನೊಂದು ಗುಂಡಿಯಲ್ಲಿ ಕುಳಿತ ಮನುಷ್ಯನ ಚಿತ್ರವಿತ್ತು. ಒಂದರಲ್ಲಿ ಬಾಣ ಅವನ ಕಾಲಿಗೆ, ಒಂದರಲ್ಲಿ ಮುಖಕ್ಕೆ. ಮುಖದ ಕಡೆ ತಿರುವಿದರು. ಗಾಳಿ ಮುಖಕ್ಕೆ ಬಂತು. ಕಾರಿನ ಚಿತ್ರದೊಳಗೇ ಬಾಣ ಸುತ್ತಿಕೊಂಡಿದ್ದ ಒಂದು ಗುಂಡಿಯ ದೀಪ ಹತ್ತಿತ್ತು. ಅದನ್ನು ಒತ್ತಿದಾಗ ದೀಪ ಆರಿ, ಹೊರಗಿನ ಹಿಟ್ಟಿನ ವಾಸನೆ ಒಳಗೆ ಬಂತು.

“ಮೊದಲಿನ ಹಂಗ ಒತ್ತು,” ಎಂದು ಅವ್ವ ಸೀನಿದಳು. ಶೋಭಿ ಒತ್ತಿದಳು. ಹಿಟ್ಟಿನ ವಾಸನೆ ನಿಂತಿತು.

ಒಂದೊಂದೇ ಗೊಂದಲ ಬಿಡಿಸಿಕೊಳ್ಳುತ್ತಿತ್ತು. ಶೋಭಿಗೆ ಮೈ ಹಗುರಾಯಿತು. ಕೊನೆಗೆ ಬೇಡದ ದೀಪ ಒಂದೂ ಉಳಿಯಲಿಲ್ಲ.

“ಈಗ ರಿವರ್ಸ್ ಹಾಕ ಅವ್ವಾ.”

ಅವ್ವ ಕನ್ನಡಿಗಳನ್ನು ನೋಡಿದಳು. ಹಿಂದೆ ಬೇವಿನ ಮರದ ನೆರಳು ಬಿಟ್ಟರೆ ಏನೂ ಇರಲಿಲ್ಲ. ಗೇರ್ ಹಾಕಿದಳು.

ಪೀಂಂಂಂಂಂ...

ಕೆಂಪು ಪಟ್ಟಿ. ಸ್ಟಾಪ್.

ಶೋಭಿಗೆ ಅಳು ಬಂತು. ತಾನು ಮಾಡಿದ್ದನ್ನೆಲ್ಲ ತಿದ್ದಿಯಾಯಿತು. ಹಾಗಾದರೆ ಇದು ತಾನು ಮಾಡಿದ್ದಲ್ಲವೆ? ಅಥವಾ ಮರೆತ ಗುಂಡಿ ಇನ್ನೊಂದು ಎಲ್ಲಾದರೂ ಇದೆಯೆ?

ಅವ್ವ ಚಾವಿ ತಿರುವಿ ಎಲ್ಲ ಬಂದ್ ಮಾಡಿದಳು. ಸ್ಟೇರಿಂಗಿನ ಮೇಲೆ ಹಣೆಯಿಟ್ಟಳು. “ದವಾಖಾನಿ ಮುಂದ ಯಾವಾಗಲೂ ಹುಡುಗ್ರು ಓಡ್ಯಾಡತಾವು, ಶೋಭಿ. ಖರೇನ ಯಾರರ ಹಿಂದ ಬಂದ್ರ ನನಗ ಹೆಂಗ ತಿಳೀಬೇಕು? ಇದು ಯಾವಾಗಲೂ ಒದರತೈತಿ ಅಂತ ಅನ್ಕೊಂಡ ಬಿಡತೀನಿ. ಹಿಂತಾ ಗಾಡಿ ನಾ ಓಡ್ಸಂಗಿಲ್ಲ. ಬಸ್ಸ ಛಲೋ.”

ಹಿಟ್ಟಿನ ಚೀಲ ಬಿಸಿಬಿಸಿಯಾಗಿ ಬಂದು ಮುಂದಿನ ಸೀಟಿನ ಮೇಲೆ ಕುಳಿತಿತು. ಶೋಭಿ ಅದಕ್ಕೆ ಬೆಲ್ಟ್ ಹಾಕಿದಳು. ಅಜ್ಜಿ ದಾರಿಯುದ್ದಕ್ಕೂ ನಕ್ಕಳು. “ಹಿಟ್ಟಿಗೂ ಬೆಲ್ಟ್ ಹಾಕಿ ಕರಕೊಂಡ ಹೋಗೂ ಕಾಲ ಬಂತವ್ವ! ಟಿಕೀಟನೂ ತಗಸು!” ಕಾರು ಟಿಂಗ್ ಎನ್ನಲಿಲ್ಲ. ಅವ್ವ ಮಾತ್ರ ರಸ್ತೆಯನ್ನೇ ನೋಡುತ್ತ ಓಡಿಸಿದಳು. ಮನೆ ಬಂದಾಗ ಕಾರನ್ನು ಮೂತಿ ಮುಂದೆ ಮಾಡಿ ಓಣಿಗೆ ನುಗ್ಗಿಸಿ ನಿಲ್ಲಿಸಿ, ಚಾವಿಯನ್ನು ದೇವರ ಜಗಲಿಯ ಮೇಲಿಟ್ಟು ಒಳಗೆ ಹೋದಳು.

ಸಂಜೆ ಅಪ್ಪ ಬಂದ. ಅವ್ವ ಹೇಳಿದ್ದನ್ನೆಲ್ಲ ಕೇಳಿ ಟಿಪ್ಪುಸಾಬರಿಗೆ ಫೋನ್ ಹಚ್ಚಿದ. ಫೋನಿನಲ್ಲಿ ಅವರ ದನಿ ಎಲ್ಲರಿಗೂ ಕೇಳುತ್ತಿತ್ತು.

“ಸೆನ್ಸರ್ ಹೋಗಿರಬೇಕು ಬಿಡ್ರಿ. ನಮ್ಮ ಕಡೆ ಇದ್ದಾಗ ಬರಾಬರ ಇತ್ತಲ್ಲ! ನಾಳೆ ಮುಂಜಾನೆ ತಗೊಂಡ ಬರ್ರಿ. ಬ್ಯಾಡಂದ್ರ ಇಲ್ಲೇ ಬಿಟ್ಟ ಹೋಗ್ರಿ, ಬ್ಯಾರೆ ಗಿರಾಕಿ ಅದಾರ.”

“ಬಿಟ್ಟ ಬರತೀನಿ,” ಎಂದ ಅಪ್ಪ. “ಆಕಿಗಿ ಧೈರ್ಯ ಇಲ್ಲಂದ ಮ್ಯಾಲ ಇಟ್ಕೊಂಡ ಏನ ಮಾಡೂದು?”

ಹೊರಗೆ ಕಟ್ಟೆಯ ಮೇಲೆ ಕುಳಿತಿದ್ದ ಅಜ್ಜಿ ಇದನ್ನೆಲ್ಲ ಕೇಳಿಸಿಕೊಂಡಳು. ತನ್ನ ಎರಡೂ ಅಂಗೈಗಳನ್ನು ತೆರೆದು ನೋಡಿಕೊಂಡಳು. “ಯಾ ಹೊತ್ತಿನ್ಯಾಗ ಪೂಜಿ ಮಾಡಿದ್ನೋ ಏನೋ,” ಎಂದಳು ತನ್ನಷ್ಟಕ್ಕೆ. “ನನ್ನ ಕೈಗುಣಾನ ಸರಿ ಇಲ್ಲ. ನಾ ಮುಟ್ಟಬಾರದಿತ್ತು.”

“ಹಂಗಂದ್ರ ಅಜ್ಜಿ?” ಎಂದಳು ಶೋಭಿ.

“ಏನಿಲ್ಲವ್ವ.” ಅಜ್ಜಿ ಅಂಗೈ ಮುಚ್ಚಿದಳು.

ಶೋಭಿ ಅಪ್ಪನ ಹತ್ತಿರ ಹೋದಳು. “ಸೆನ್ಸರ್ ಅಂದ್ರ ಏನಪ್ಪ?”

“ಅದರ ಕಣ್ಣಿದ್ದಂಗ. ಹಿಂದ ಏನರ ಅಡ್ಡ ಬಂದ್ರ ತಿಳಕೊಳ್ಳಾಕ. ಹಿಂದ ಬಂಪರಿನ್ಯಾಗ ಎಲ್ಲೋ ಇರತಾವಂತ.”

ಕಣ್ಣು! ಶೋಭಿ ಕಾರಿನ ಹಿಂದೆ ಹೋಗಿ ಕುಕ್ಕರಗಾಲಿನಲ್ಲಿ ಕುಳಿತಳು. ಅಲ್ಲಿ ಕಣ್ಣಿನಂಥದು ಏನೂ ಕಾಣಲಿಲ್ಲ. ಕೆಂಪು ಲೈಟುಗಳು. ನಂಬರ್ ಪ್ಲೇಟು. ನಿನ್ನೆಯ ಪೂಜೆಯ ಬಾಡಿದ ಚೆಂಡು ಹೂ. ಮತ್ತೆ ಅಜ್ಜಿಯ ಬೊಟ್ಟುಗಳು.

ಅಜ್ಜಿಯ ಬೊಟ್ಟು ಎಂದರೆ ಓಣಿಗೆಲ್ಲ ಗೊತ್ತು. ಅರಿಷಿಣದಲ್ಲಿ ಸ್ವಲ್ಪ ಜೋಳದ ಹಿಟ್ಟು ಕಲಸಿ, ರೂಪಾಯಿಯಷ್ಟು ಅಗಲ, ರೊಟ್ಟಿಯಷ್ಟು ದಪ್ಪ ಒತ್ತುತ್ತಾಳೆ. ನಡುವೆ ಕುಂಕುಮ. ಹಿಟ್ಟು ಇರುವುದರಿಂದ ಒಣಗಿದ ಮೇಲೆ ಉದುರುವುದಿಲ್ಲ. ಹಬ್ಬದಲ್ಲಿ ಹೊಸ್ತಿಲಿಗೆ, ಟ್ರಂಕಿಗೆ, ಗ್ಯಾಸ್ ಸಿಲಿಂಡರಿಗೆ, ಅಪ್ಪನ ಬೈಕಿಗೆ, ಯಂಕೋಬ ಕಾಕಾನ ಟ್ರ್ಯಾಕ್ಟರಿಗೆ, ಎಲ್ಲಕ್ಕೂ ಅವಳದೇ ಬೊಟ್ಟು. ಕಣ್ಣು ಮಬ್ಬಾದ ಮೇಲೆ ಅವು ಒಂದು ಮೇಲೆ, ಒಂದು ಕೆಳಗೆ, ಒಂದು ಓರೆ. ಕಾರಿನ ಮುಂದೆಯೂ ಹಾಗೆಯೇ ಇದ್ದವು. ಬಾಗಿಲುಗಳ ಮೇಲೂ ಹಾಗೆಯೇ.

ಹಿಂದಿನವು ಮಾತ್ರ ಹಾಗಿರಲಿಲ್ಲ.

ಬಂಪರಿನ ಮೇಲೆ ನಾಲ್ಕು ಬೊಟ್ಟುಗಳು. ಸ್ಕೇಲ್ ಇಟ್ಟು ಗೆರೆ ಎಳೆದಂತೆ ಒಂದೇ ಸಾಲಿನಲ್ಲಿ. ಶೋಭಿ ಗೇಣು ಹಾಕಿ ಅಳೆದಳು. ಒಂದರಿಂದ ಇನ್ನೊಂದಕ್ಕೆ ಇದ್ದ ದೂರವೂ ಹೆಚ್ಚುಕಡಿಮೆ ಅಷ್ಟಷ್ಟೇ.

ಅಜ್ಜಿಯ ಕೈ ಇಷ್ಟು ನೇರ ಹೇಗೆ ಹೋಯಿತು?

ಅವಳು ಉಗುರಿನಿಂದ ಒಂದು ಬೊಟ್ಟಿನ ಅಂಚು ಕೆರೆದಳು. ಒಣಗಿದ ಚಕ್ಕೆ ಎದ್ದಿತು. ಅದರ ಅಡಿಯಲ್ಲಿ ಕಾರಿನದೇ ಬಿಳಿ ಬಣ್ಣ. ಆದರೆ ಆ ಬಿಳಿಯಲ್ಲಿ ಒಂದು ಸಣ್ಣ ದುಂಡನೆಯ ಗೆರೆ. ಇನ್ನೂ ಕೆರೆದಳು. ಅಂಗಿಯ ಗುಂಡಿಯಂಥ ಒಂದು ದುಂಡನೆಯ ಗುಂಡಿ ಬಂಪರಿನೊಳಗೆ ಕುಳಿತಿತ್ತು.

ಶೋಭಿ ಹಾಗೇ ಕುಳಿತುಬಿಟ್ಟಳು. ಅವಳಿಗೆ ಜೋಳದ ಚೀಲ ನೆನಪಾಯಿತು. ಕಾರಿಗೆ ಚೀಲ ಯಾವುದು, ಮನುಷ್ಯ ಯಾರು ಎಂದು ತಿಳಿದಿರಲಿಲ್ಲ. ಹಾಗಾದರೆ ಗೋಡೆ ಯಾವುದು, ಬೊಟ್ಟು ಯಾವುದು ಎಂದು ಮಾತ್ರ ಹೇಗೆ ತಿಳಿಯಬೇಕು? ಏನೋ ತನ್ನ ಕಣ್ಣಿಗೇ ಬಂದು ಆತುಕೊಂಡಿದೆ ಎಂದಷ್ಟೇ ಅದಕ್ಕೆ ಗೊತ್ತು. ಅದನ್ನೇ ಬೆಳಗಿನಿಂದ ಕೂಗಿ ಹೇಳುತ್ತಿತ್ತು.

“ಅಪ್ಪಾ!” ಎಂದು ಕೂಗಲು ಬಾಯಿ ತೆರೆದಳು.

ಕಟ್ಟೆಯ ಮೇಲೆ ಅಜ್ಜಿ ಹಾಗೇ ಕುಳಿತಿದ್ದಳು. ಅಂಗೈ ಮುಚ್ಚಿಕೊಂಡೇ ಇದ್ದಳು. ಅವಳ ಪಕ್ಕದಲ್ಲಿ ಯಂಕೋಬ ಕಾಕಾ ಬಂದು ನಿಂತಿದ್ದ. “ಏನ ದೊಡ್ಡವ್ವಾ, ನಿನ್ನ ಮಗನ ಗಾಡಿ ಬಂದ ದಾರೀಲೆ ವಾಪಸ್ ಹೊಂಟೈತಂತ? ನೀ ಪೂಜಿ ಮಾಡಿದ್ದು ಮುಟ್ಟಲಿಲ್ಲೇನ ದೇವರಿಗಿ?”

ಅಜ್ಜಿ ತಲೆ ತಗ್ಗಿಸಿದಳು. ಎಂಥ ಮಾತಿಗೂ ತಿರುಗಿ ಎರಡು ಮಾತು ಕೊಡುವ ಅಜ್ಜಿ.

ಶೋಭಿ ಬಾಯಿ ಮುಚ್ಚಿದಳು. ಬೆಳಗ್ಗೆ ತನ್ನಿಂದಲೇ ಕಾರು ಕೆಟ್ಟಿತೆಂದು ತಾನು ಸೀಟಿನಲ್ಲಿ ಮುದುಡಿ ಕುಳಿತದ್ದು ಇನ್ನೂ ನೆನಪಿತ್ತು.

ಅವಳು ಹಿತ್ತಲಿಗೆ ಹೋಗಿ ಹಳೆಯ ಅರಿವೆಯೊಂದನ್ನು ನೀರಲ್ಲಿ ಅದ್ದಿ ತಂದಳು. ಒಂದೊಂದೇ ಬೊಟ್ಟು ನೆನೆಸಿ, ತಿಕ್ಕಿ, ಒರೆಸಿದಳು. ನಾಲ್ಕೂ ಬಿಳಿ ಗುಂಡಿಗಳು ಕಂಡವು. ಒಣ ಬಟ್ಟೆಯಿಂದ ಇನ್ನೊಮ್ಮೆ ಒರೆಸಿದಳು.

ಆಮೇಲೆ ಒಳಗೆ ಓಡಿದಳು. ಅವ್ವ ತರಕಾರಿ ಹೆಚ್ಚುತ್ತಿದ್ದಳು.

“ಅವ್ವಾ, ಒಂದ ಸಲ ರಿವರ್ಸ್ ಹಾಕು.”

“ಬ್ಯಾಡ ಶೋಭಿ. ಮುಗೀತದು.”

“ಒಂದ ಸಲ. ಕಡೀ ಸಲ. ನನಗೋಸ್ಕರ.”

ಅವ್ವ ಅವಳ ಮುಖ ನೋಡಿದಳು. ಏನೂ ಕೇಳದೆ ಕೈ ಒರೆಸಿಕೊಂಡು, ಜಗಲಿಯ ಮೇಲಿನ ಚಾವಿ ತೆಗೆದುಕೊಂಡು ಹೊರಗೆ ಬಂದಳು. ಅಪ್ಪನೂ ಹಿಂದೆ ಬಂದ. ಶೋಭಿ ಮುಂದಿನ ಸೀಟಿನಲ್ಲಿ ಕುಳಿತು ಬೆಲ್ಟ್ ಹಾಕಿಕೊಂಡಳು. ಅವ್ವ ಇಂಜಿನ್ ಚಾಲೂ ಮಾಡಿದಳು. ಗೇರಿನ ಮೇಲೆ ಕೈಯಿಟ್ಟು ಒಂದು ಕ್ಷಣ ತಡೆದಳು. ಹಾಕಿದಳು.

ಟಿಕ್ ಎಂದು ಒಂದು ಸಣ್ಣ ಸದ್ದು. ಆಮೇಲೆ ಏನೂ ಇಲ್ಲ.

ಪುಟ್ಟ ಕಾರಿನ ಚಿತ್ರ. ಅದರ ಹಿಂದೆ ಖಾಲಿ.

ಅವ್ವ ಶೋಭಿಯನ್ನು ನೋಡಿದಳು. ಕನ್ನಡಿ ನೋಡಿದಳು. ನಿಧಾನವಾಗಿ ಹಿಂದಕ್ಕೆ ಬಿಟ್ಟಳು. ಕಾರು ಸದ್ದಿಲ್ಲದೆ ಓಣಿಯಲ್ಲಿ ಹಿಂದೆ ಸರಿಯಿತು. ಪೀಂ. ಪೀಂ. ಪೀಂಪೀಂಪೀಂ. ಅವ್ವ ಬ್ರೇಕ್ ಒತ್ತಿ ತಿರುಗಿ ನೋಡಿದಳು. ಯಂಕೋಬ ಕಾಕಾ ತಮಾಷೆ ನೋಡಲು ಕಾರಿನ ಹಿಂದೆಯೇ ಬಂದು ನಿಂತಿದ್ದ.

“ಕಾಕಾ, ಸರೀರಿ! ನಿಮ್ಮನ್ನ ನೋಡಿನ ಒದರಾಕತ್ತೈತಿ!” ಎಂದು ಶೋಭಿ ಕಿಟಕಿಯಿಂದ ಕೂಗಿದಳು.

ಕಾಕಾ ಪಕ್ಕಕ್ಕೆ ಹಾರಿದ. ಸದ್ದು ನಿಂತಿತು. ಪರೀಕ್ಷೆ ಮಾಡುವವನಂತೆ ಮತ್ತೆ ಬಂದು ನಿಂತ. ಪೀಂ. ಸರಿದ. ಗಪ್ಪ.

“ಅಲೆಲೆ! ನನ್ನ ಗುರ್ತ ಹಿಡೀತಲ್ಲೊ ಇದು!” ಎಂದ.

ಅಪ್ಪ ಕಿಟಕಿಯ ಹತ್ತಿರ ಬಂದ. “ಹೆಂಗ ಸರಿ ಆತು? ಯಾರ ಏನ ಮಾಡಿದ್ರಿ?”

ಎಲ್ಲರೂ ಶೋಭಿಯ ಕಡೆ ನೋಡಿದರು. ಕಟ್ಟೆಯಿಂದ ಎದ್ದು ಬಂದ ಅಜ್ಜಿಯೂ ನೋಡಿದಳು.

“ಸೆನ್ಸರ್ ಮ್ಯಾಲ ಏನೋ ಕುಂತಿತ್ತಪ್ಪ,” ಎಂದಳು ಶೋಭಿ. “ಒರಸಿದೆ. ಆತು.”

“ಧೂಳೇನು?” ಅಪ್ಪ ಹಣೆ ಬಡಿದುಕೊಂಡ. “ಅಷ್ಟಕ್ಕ ನಾ ಗಂಗಾವತಿಗಿ ಹೊಂಟಿದ್ನಲ್ಲ!” ಎಂದು ಫೋನ್ ತೆಗೆದ. “ಟಿಪ್ಪುಸಾಬ್ರ, ನಾಳೆ ಬರಂಗಿಲ್ಲರಿ. ಆ ಬ್ಯಾರೆ ಗಿರಾಕಿಗಿ ಇಲ್ಲಂತ ಹೇಳ್ರಿ.”

ಅವ್ವ ಶೋಭಿಯ ಬೆರಳುಗಳನ್ನು ನೋಡುತ್ತಿದ್ದಳು. ಉಗುರುಗಳ ಸಂದಿಯಲ್ಲಿ ಹಳದಿ ಇತ್ತು. ಅವ್ವ ತನ್ನ ಸೆರಗಿನ ತುದಿಯಿಂದ ಆ ಬೆರಳುಗಳನ್ನು ಒಂದೊಂದಾಗಿ ಒರೆಸಿದಳು.

ಅಜ್ಜಿ ಕಾರಿನ ಹಿಂದೆ ಕೈಯಾಡಿಸುತ್ತಿದ್ದಳು. “ಇಲ್ಲಿ ಬೊಟ್ಟ ಇದ್ವಲ್ಲ? ಯಾರ ಅಳಿಸಿದ್ರ?”

ಶೋಭಿ ಬಾಗಿಲು ತೆರೆದು ಇಳಿದು ಓಡಿದಳು. “ನಾ ಒರಸೂ ಮುಂದ ಹೋದ್ವು ಅಜ್ಜಿ. ಮತ್ತ ಇಡು.”

“ಇಡಲ್ಯಾ?” ಅಜ್ಜಿ ಅನುಮಾನಿಸಿದಳು. “ನನ್ನ ಕೈ...”

“ನೀನ ಇಡಬೇಕು. ನಾಳೆ ಅವ್ವ ಗಾಡಿ ತಗೊಂಡ ಹೊಂಟಾಳಲ್ಲ.”

ಅಜ್ಜಿ ಒಳಗೆ ಹೋಗಿ ಬಟ್ಟಲು ತಂದಳು. ಹಿಟ್ಟು ಕಲಸಿದ ಅರಿಷಿಣ, ದಪ್ಪಗೆ. ಬಗ್ಗಿ ಬಂಪರಿನ ಮೇಲೆ ಬೆರಳಾಡಿಸಿದಳು. “ನಿನ್ನೆ ಇಲ್ಲೆಲ್ಲೋ ಬೆರಳಿಗಿ ಗುಂಡಗ ಸಿಕ್ಕಿತ್ತವ್ವ. ಕಾಣದಿದ್ರೂ ಇಡಾಕ ಸಲೀಸಿತ್ತು.”

ಶೋಭಿ ಆ ಬಿಳಿ ಗುಂಡಿಯ ಮೇಲೆ ತನ್ನ ಅಂಗೈ ಇಟ್ಟಳು. ಇನ್ನೊಂದು ಕೈಯಿಂದ ಅಜ್ಜಿಯ ಮಣಿಕಟ್ಟು ಹಿಡಿದು ಮೇಲಕ್ಕೆ, ಡಿಕ್ಕಿಯ ಬಾಗಿಲಿನ ಅಗಲ ಜಾಗಕ್ಕೆ ಒಯ್ದಳು.

“ಇಲ್ಲಿ ಇಡಜ್ಜಿ. ಮ್ಯಾಲಿದ್ರ ಎಲ್ಲಾರಿಗೂ ಕಾಣತಾವು.”

ಅಜ್ಜಿ ಒತ್ತಿದಳು. ಒಂದು ಮೇಲೆ. ಒಂದು ಕೆಳಗೆ. ಒಂದು ಓರೆ. ನಾಲ್ಕನೆಯದು ನಂಬರ್ ಪ್ಲೇಟಿನ ಹತ್ತಿರಕ್ಕೇ ಜಾರಿತು.

“ಸರಿ ಬಿದ್ದಾವೇನ?” ಎಂದು ಕಣ್ಣು ಕಿರಿದು ಮಾಡಿ ಕೇಳಿದಳು.

“ಬರೋಬ್ಬರಿ ಬಿದ್ದಾವಜ್ಜಿ,” ಎಂದಳು ಶೋಭಿ.

ಅಜ್ಜಿ ಯಂಕೋಬ ಕಾಕಾನ ಕಡೆ ತಿರುಗಿದಳು. “ಏನೋ ಯಂಕೋಬ, ದೇವರಿಗಿ ಮುಟ್ಟಿತಿಲ್ಲೋ? ಬಾ, ನಿನ್ನ ಹಣಿಗೂ ಒಂದ ಇಡತೀನಿ. ಹಿಂದಿಂದ ಬಂದವ್ರು ನಿನಗರ ತಿಳೀಲಿ!”

ಕಾಕಾ ತಲೆ ಉಳಿಸಿಕೊಂಡು ಟ್ರ್ಯಾಕ್ಟರಿನ ಹಿಂದೆ ಓಡಿದ. ಅವ್ವ ಇನ್ನೂ ಡ್ರೈವರ್ ಸೀಟಿನಲ್ಲೇ ಕುಳಿತಿದ್ದಳು. ಪಕ್ಕದ ಕನ್ನಡಿಯಲ್ಲಿ ಅವಳ ಕಣ್ಣುಗಳು ಶೋಭಿಗೆ ಕಂಡವು. ಅವು ನಗುತ್ತಿದ್ದವು.

ಶೋಭಿ ತನ್ನ ಅಂಗೈಯನ್ನು ಮೆಲ್ಲಗೆ ಬಂಪರಿನಿಂದ ತೆಗೆದಳು.